ಮಾತಿನ ಮೊದಲ ಪದ ಹಿಡಿಯಲು ಕಲಿತ ಭಾನುವಾರ

ಫಿಲಿಪಿನೋ ಭಾಷೆ ಕಲಿಯೋಕೆ ಹೊರಟ ಕನ್ನಡಿಗರು ಮೊದಲು ಬದಲಾಯಿಸಬೇಕಾದ್ದು ಕಿವಿಯ ಅಭ್ಯಾಸವನ್ನು. ನಾವು ಹುಟ್ಟಿದಾಗಿನಿಂದ ಮಾತಿನ ಕೊನೆಗೆ ಕಾಯುವವರು. ತಂದರೋ, ತರಲಿಲ್ಲವೋ, ತರಬೇಕೋ, ಎಲ್ಲ ಗೊತ್ತಾಗೋದು ಕೊನೆಯ ಪದದಲ್ಲೇ ಅಲ್ವಾ? ಫಿಲಿಪಿನೋದಲ್ಲಿ ಕ್ರಿಯಾಪದ ಮೊದಲು ಬರುತ್ತದೆ. ‘ಇಲ್ಲ’, ‘ಬೇಡ’ ಕೂಡ ಮೊದಲೇ. ಯಾರು, ಏನು, ಎಲ್ಲಿ ಅನ್ನೋದೆಲ್ಲ ಆಮೇಲೆ. ಮೊದಲ ಪದ ಕೈತಪ್ಪಿದರೆ ಉಳಿದದ್ದು ಎಷ್ಟು ಸ್ಪಷ್ಟವಾಗಿ ಕೇಳಿಸಿದರೂ ಅರ್ಥ ಕೂಡಿಬರುವುದಿಲ್ಲ.

ಕೆಲಸದ ಮೇಲೆ ಮನಿಲಾ ಪಕ್ಕದ ಕ್ವೆಜಾನ್ ಸಿಟಿಗೆ ಹೋದಾಗ ಇನ್ನೊಂದು ತೊಡಕೂ ಇತ್ತು. ಫಿಲಿಪ್ಪೀನ್ಸ್ ದೇಶದ 1987ರ ಸಂವಿಧಾನದ ಪ್ರಕಾರ ಫಿಲಿಪಿನೋ ಅಲ್ಲಿನ ರಾಷ್ಟ್ರಭಾಷೆ. ಆಡಳಿತಕ್ಕೆ ಅದರ ಜೊತೆ ಇಂಗ್ಲಿಷೂ ಇದೆ. ಹಾಗಾಗಿ ನಾನು ಒಂದು ಪದಕ್ಕೆ ತಡಕಾಡಿದರೂ ಸಾಕು, ಎದುರಿನವರು ಪ್ರೀತಿಯಿಂದಲೇ ಇಂಗ್ಲಿಷಿಗೆ ಹೊರಳುತ್ತಿದ್ದರು. ಒಳ್ಳೆಯ ಜನ, ಆದರೆ ಹೀಗಾದರೆ ಕಲಿಯೋದು ಯಾವಾಗ? ನಮ್ಮ ಮನೆಯೊಡತಿ, ಎಲ್ಲರೂ ನಾನಾಯ್ ಅಂತ ಕರೆಯುವ ಹಿರಿಯ ಹೆಂಗಸು, ಒಂದು ಭಾನುವಾರ ಬೆಳಿಗ್ಗೆ ಕೈಗೆ ಚೀಲ ಕೊಟ್ಟು, “ಕುಬಾವ್ ಮಾರ್ಕೆಟ್‌ಗೆ ಹೋಗಿ ತರಕಾರಿ ತಾ, ಇಂಗ್ಲಿಷ್ ಮಾತ್ರ ಬೇಡ” ಅಂದರು.

ಜೀಪ್ನಿಯಲ್ಲಿ, ಅಂದರೆ ಅಲ್ಲಿನ ಉದ್ದನೆಯ ಜೀಪಿನಂಥ ಬಾಡಿಗೆ ಗಾಡಿಯಲ್ಲಿ, ಸೀಟು ಸಿಕ್ಕಿದ್ದು ಹಿಂದಿನ ಬಾಗಿಲ ಹತ್ತಿರ. ಡ್ರೈವರ್ ಮುಂದೆ ದೂರದಲ್ಲಿ. “ಬಾಯದ್ ಪೋ” ಅಂತ ಹೇಳಿ ಪಕ್ಕದವರ ಕೈಗೆ ದುಡ್ಡು ಕೊಟ್ಟರೆ ಅದು ಕೈಯಿಂದ ಕೈಗೆ ಸಾಗಿ ಡ್ರೈವರ್‌ಗೆ ಮುಟ್ಟುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಇಳಿಯುವಾಗ “ಪಾರಾ ಪೋ”. ಈ ‘ಪೋ’ ನಮ್ಮ ಧಾರವಾಡದ ಕಡೆಯ ‘ರೀ’ ಇದ್ದ ಹಾಗೆ, ಹಚ್ಚಿದರೆ ಮಾತಿಗೆ ಮರ್ಯಾದೆ ಬರುತ್ತದೆ. ಇದನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ, ತಾನಾಗಿಯೇ ಬಾಯಿಗೆ ಬಂತು.

ಮಾರ್ಕೆಟ್ಟಿನ ತರಕಾರಿ ಸಾಲು ನೋಡಿ ಖುಷಿಯಾಯಿತು. ಹಾಗಲ, ಹೀರೆ, ಸೋರೆ, ಬದನೆ, ಕೆಸುವಿನ ಎಲೆ, ಎಲ್ಲ ನಮ್ಮವೇ. ನನಗೆ ಬೇಕಿದ್ದದ್ದು ಮಲುಂಗ್ಗಾಯ್, ಅಂದರೆ ನುಗ್ಗೆ ಸೊಪ್ಪು. ಮೊದಲ ಅಂಗಡಿಯವರು “ವಲಾಂಗ್ ಮಲುಂಗ್ಗಾಯ್ ಙಯೋನ್” ಅಂದರು. ‘ವಲಾ’, ಇಲ್ಲ, ಅನ್ನೋದು ಮೊದಲೇ ಕಿವಿಗೆ ಬಿತ್ತು, ಮುಂದಿನದಕ್ಕೆ ಕಾಯದೆ ತಲೆಯಾಡಿಸಿ ಮುಂದಕ್ಕೆ ಹೋದೆ. ಬೆಳಿಗ್ಗೆಯಿಂದ ಕಿವಿಗೆ ಹೇಳಿಕೊಡುತ್ತಿದ್ದದ್ದು ಫಲಿಸಿತ್ತು. (ಶಾಲೆಯಲ್ಲಿ ಸುಮ್ನೆ ಬಾಯಿಪಾಠ ಮಾಡಿದ ‘ಙ’ ಅಲ್ಲಿ ಪದದ ಮೊದಲಿಗೇ ಬರುತ್ತದೆ. ಙಯೋನ್ ಅಂದರೆ ಈಗ.)

ಮುಂದಿನ ಅಂಗಡಿಯ ಹೆಂಗಸು ಇಂಗ್ಲಿಷಲ್ಲೇ ಶುರು ಮಾಡಿದರು. ನಾನು ಫಿಲಿಪಿನೋ ಕಲಿಯುತ್ತಿದ್ದೇನೆ ಅಂತ ಅವರ ಭಾಷೆಯಲ್ಲೇ ಹೇಳಿದೆ. ಅವರ ಮುಖ ಅರಳಿತು. ಆಮೇಲೆ ಒಂದೊಂದೇ ಪದ ಬಿಡಿಸಿ, ನಿಧಾನವಾಗಿ ಮಾತಾಡಿದರು. ಬೆಲೆ ಕೇಳಿದರೆ “ಬೆಂತೆ” ಅಂದರು, ಇಪ್ಪತ್ತು ಪೆಸೊ. ಇದು ಸ್ಪೇನಿನಿಂದ ಬಂದ ಲೆಕ್ಕ. ಮುನ್ನೂರು ವರ್ಷಕ್ಕೂ ಜಾಸ್ತಿ ಸ್ಪ್ಯಾನಿಷರ ಆಳ್ವಿಕೆ ಇದ್ದ ನಾಡು, ಹಾಗಾಗಿ ಬೆಲೆ, ಗಂಟೆ ಹೇಳುವಾಗ ಆ ಅಂಕಿಗಳೇ ಜಾಸ್ತಿ. ಇಸಾ, ದಲವಾ, ತತ್ಲೋ ಅಂತ ಅವರದೇ ಅಂಕಿಗಳು ಬೇರೆ ಇವೆ, ಇಂಗ್ಲಿಷಿನವೂ ನಡೆಯುತ್ತವೆ. ಮೂರೂ ಗೊತ್ತಿದ್ದರೆ ಮಾತ್ರ ಮಾರ್ಕೆಟ್ಟಲ್ಲಿ ಧೈರ್ಯ.

ನಿಮ್ಮೂರಲ್ಲಿ ಈ ಸೊಪ್ಪನ್ನು ಹೇಗೆ ತಿನ್ನುತ್ತೀರಿ ಅಂತ ಆಕೆ ಕೇಳಿದರು. ಕಾಯಿ ತುರಿ ಹಾಕಿ ಪಲ್ಯ ಮಾಡ್ತೀವಿ ಅನ್ನೋದನ್ನು ಇದ್ದಷ್ಟು ಪದಗಳಲ್ಲಿ, ಉಳಿದದ್ದನ್ನು ಕೈಯಲ್ಲಿ ಹೇಳಿದೆ. ಅವರು ತಿನೋಲಾ ಬಗ್ಗೆ ಹೇಳಿದರು. ಕೋಳಿ, ಶುಂಠಿ, ಹಸಿ ಪಪ್ಪಾಯ ಬೇಯಿಸಿ ಕೊನೆಗೆ ಈ ಸೊಪ್ಪು ಹಾಕಿ ಇಳಿಸುವ ಸಾರು ಅದು. ಇಷ್ಟಕ್ಕೂ ಒಂದೇ ಒಂದು ಇಂಗ್ಲಿಷ್ ವಾಕ್ಯ ಬೇಕಾಗಲಿಲ್ಲ. ಆ ಸಂತೋಷ ದೊಡ್ಡದು, ಯಾವ ಪಾಠದ ಪುಸ್ತಕವೂ ನನಗೆ ಅದನ್ನು ಕೊಟ್ಟಿರಲಿಲ್ಲ.

ಸಂಜೆ ನಾನಾಯ್ ಆ ಸೊಪ್ಪನ್ನೇ ಮುಂದಿಟ್ಟುಕೊಂಡು ಪಾಠ ಮಾಡಿದರು. ‘ಬಿಲಿ’ ಅನ್ನೋದು ಕೊಳ್ಳುವುದಕ್ಕೆ ಮೂಲ ಪದ. ಸುಮ್ನೆ ಸೊಪ್ಪು ಕೊಂಡೆ ಅನ್ನೋಕೆ ‘ಬುಮಿಲಿ’. ಈ ಸೊಪ್ಪನ್ನೇ ಕೊಂಡೆ ಅಂತ ಅದರ ಮೇಲೆ ಒತ್ತು ಬಿದ್ದರೆ ‘ಬಿನಿಲಿ’. ಪ್ರತ್ಯಯ ಪದದ ಹೊಟ್ಟೆಯೊಳಗೇ ಹೋಗಿ ಕೂರುತ್ತದೆ, ನಮ್ಮಲ್ಲಿ ಹೀಗಿಲ್ಲ. ಆದರೆ ಒಂದು ದೊಡ್ಡ ನೆಮ್ಮದಿ ಇದೆ. ನಾವು ಕೊಂಡೆ, ಕೊಂಡ, ಕೊಂಡಳು, ಕೊಂಡರು ಅಂತ ಬದಲಿಸುವ ಕಡೆಯಲ್ಲೆಲ್ಲ ಅವರಿಗೆ ಒಂದೇ ‘ಬುಮಿಲಿ’ ಸಾಕು.

ಸೊಪ್ಪು ಬಿಡಿಸಿ ಮುಗಿಯುವಷ್ಟರಲ್ಲಿ ಮುಂದಿನ ಭಾನುವಾರದ ಪಾಠವೂ ಗೊತ್ತಾಯಿತು. “ಮೀನಿನ ಸಾಲಿಗೆ ಹೋಗು” ಅಂದರು ನಾನಾಯ್. ಅಲ್ಲಿ ಕೂಗಾಟ ಜಾಸ್ತಿ, ಮೊದಲ ಪದ ಹಿಡಿಯೋದು ಇನ್ನೂ ಕಷ್ಟ.