ಲೇಬಲ್ಲಿನ ಖಾಲಿ ಜಾಗ

8 ಫೆಬ್ರವರಿ 2025, ಶನಿವಾರ
ರಾತ್ರಿ ಹತ್ತೂವರೆ

ಬೆಳಿಗ್ಗೆ ಎಂಟರ ಬಸ್ಸಿಗೆ ಶಿರಸಿಗೆ ಹೋದೆ. ಅಂಗಡಿಗೆ ಕೊಡಲು ಹನ್ನೆರಡು ಪ್ಯಾಕೆಟ್ ತೊಡೆದೇವು (ಅಕ್ಕಿ ಹಿಟ್ಟು, ಕಬ್ಬಿನ ಹಾಲಿನ ಕಾಗದದಷ್ಟು ತೆಳ್ಳಗಿನ ಸಿಹಿ) ತುಂಬಿದ ಚೀಲವನ್ನು ಯಾರ ಮೊಣಕೈಯೂ ತಾಗದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಮುರಿದರೆ ಮುಗಿಯಿತು, ಪುಡಿಯನ್ನು ಯಾರೂ ಕೊಳ್ಳುವುದಿಲ್ಲ. (ಮನೆಯಲ್ಲಿ ಪುಡಿಗೆ ಬಿಸಿ ಹಾಲು, ತುಪ್ಪ ಹಾಕಿ ತಿನ್ನುತ್ತೇವೆ. ನನಗಂತೂ ಇಡಿಯದಕ್ಕಿಂತ ಅದೇ ಇಷ್ಟ.) ಪಕ್ಕದಲ್ಲಿ ಕೂತವರು ಕೆಳಕೇರಿಯ ಅತ್ತಿಗೆ. "ಚೀಲದಲ್ಲಿ ಎಂತದೇ?" ಅಂತ ಕೇಳಿದರು.

"ಔಷಧಿ" ಅಂದೆ.

ಔಷಧಿ! ಅಷ್ಟು ದೊಡ್ಡ ಚೀಲದ ತುಂಬ. ಸುಳ್ಳು ಹೇಳುವುದಕ್ಕೂ ಒಂದು ಹದ ಬೇಡವೇ. ಅವರು "ಯಾರಿಗೆ ಹುಷಾರಿಲ್ಲೆ?" ಅಂತ ಶುರು ಮಾಡಿದರು. ಶಿರಸಿ ಬಸ್‌ಸ್ಟ್ಯಾಂಡ್ ಬರುವ ತನಕ ಅತ್ತೆಯ ಮಂಡಿನೋವನ್ನು ಎಳೆದು ಎಳೆದು ಮುಗಿಸಿದೆ.

ಅಂಗಡಿಯವರು ಒಳ್ಳೆಯ ಜನ. ಪ್ಯಾಕೆಟ್ ತಿರುಗಿಸಿ ತಿರುಗಿಸಿ ನೋಡಿದರು. ಲೇಬಲ್ಲಿಗೆ ನಾನು ಎರಡು ವಾರ ಕಷ್ಟಪಟ್ಟಿದ್ದೇನೆ. ತೂಕ, ತಯಾರಿಸಿದ ದಿನ, ಹಸಿರು ಚುಕ್ಕಿ, ಎಫ್‌ಎಸ್‌ಎಸ್‌ಎಐಯ 14 ಅಂಕಿಯ ನಂಬರು, ಎಲ್ಲ ಇತ್ತು. 'ಬೆಲೆ' ಅಂತ ಬರೆದು ಅದರ ಮುಂದೆ ಮಾತ್ರ ಖಾಲಿ.

"ಅಕ್ಕಾ, ಎಂಆರ್‌ಪಿ ಎಲ್ಲಿ?"

"ನೀವೇ ಎಷ್ಟಾದ್ರೂ ಹಾಕ್ಕೊಳಿ."

"ನಾ ಹೆಂಗೆ ಹಾಕೂದು? ಮಾಲು ನಿಮ್ಮದು. ಎಂಆರ್‌ಪಿ ಇಲ್ದಿದ್ದು ಇಡೂಕೆ ಬರೂದಿಲ್ಲ, ಕಾನೂನು ಉಂಟು." ಕಿವಿಯ ಮೇಲಿದ್ದ ಪೆನ್ನು ತೆಗೆದು ನನ್ನ ಮುಂದಿಟ್ಟರು.

ಮನೆಯಿಂದ ಹೊರಡುವಾಗ ತಲೆಯಲ್ಲಿದ್ದದ್ದು ನೂರಾ ಹತ್ತು. ಹತ್ತು ತೊಡೆದೇವಿನ ಪ್ಯಾಕೆಟ್ಟಿಗೆ ಅದು ಹೆಚ್ಚೇನಲ್ಲ. ಆದರೆ ಎದುರಿಗೊಬ್ಬರು ನಿಂತು ನೋಡುತ್ತಿರುವಾಗ ನನ್ನ ಕೈ ಎಪ್ಪತ್ತು ಅಂತ ಬರೆಯಿತು. ಹನ್ನೆರಡಕ್ಕೂ ಹಾಗೇ ಬರೆದೆ. ನಾಲ್ಕನೆಯದರಲ್ಲಿ ಪೆನ್ನು ಸ್ವಲ್ಪ ತಡೆದು ನಿಂತದ್ದು ನೆನಪಿದೆ. ಆದರೂ ಬರೆದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಅಂಗಡಿಯ ಕಮಿಷನ್ ನೂರಕ್ಕೆ ಇಪ್ಪತ್ತು, ಅಂದರೆ ಹದಿನಾಲ್ಕು ರೂಪಾಯಿ. ಕಬ್ಬಿನ ಹಾಲು, ಅಕ್ಕಿ, ಸೌದೆ, ಪ್ಯಾಕೆಟ್, ಲೇಬಲ್ ಎಲ್ಲ ಸೇರಿ ಮೂವತ್ತೆಂಟು. ಬಸ್ ಚಾರ್ಜ್ ಸೇರಿಸಿಲ್ಲ, 2023ರಿಂದ ನಮಗೆ ಹೆಂಗಸರಿಗೆ ಫ್ರೀ. ಕೈಗೆ ಉಳಿಯುವುದು ಹದಿನೆಂಟು. ಕವುಚಿದ ಗಡಿಗೆಯ ಕೆಳಗೆ ಬೆಂಕಿ ಹದವಾಗಿರಬೇಕು. ಬಟ್ಟೆ ಸುತ್ತಿದ ಕೋಲನ್ನು ಹಿಟ್ಟಿನಲ್ಲಿ ಅದ್ದಿ ಒಂದೇ ಉಸಿರಿಗೆ ತೊಡೆಯಬೇಕು. ಅಂಚು ಸಣ್ಣಗೆ ಎದ್ದ ಕೂಡಲೇ ಬಿಡಿಸಿ, ಬಿಸಿ ಆರುವುದರೊಳಗೆ ಮಡಚಬೇಕು, ಒಂದು ಗಳಿಗೆ ತಡವಾದರೆ ಚಟ್ ಅಂತ ಸೀಳುತ್ತದೆ. ಎಷ್ಟೇ ಕೈ ಪಳಗಿದರೂ ಗಂಟೆಗೆ ಮೂವತ್ತು ಎದ್ದರೆ ಹೆಚ್ಚು. ಮೂರು ಪ್ಯಾಕೆಟ್. ಅಂದರೆ ಹೊಗೆ ಕುಡಿದು, ಬೆರಳು ಸುಟ್ಟುಕೊಂಡು ಗಂಟೆಗೆ ಐವತ್ನಾಲ್ಕು ರೂಪಾಯಿ.

ಆಗ ನಮ್ಮ ತೋಟದ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ನೆನಪಾದ. ಕಳೆದ ತಿಂಗಳು ಎರಡನೇ ಕೊಯ್ಲಿಗೆ ಬಂದವನು ಅಂಗಳದಲ್ಲಿ ನಿಂತು, "ಈ ಸಲ ಕೊನೆಗೆ ಎರಡು ರೂಪಾಯಿ ಜಾಸ್ತಿ, ಹೆಗಡೇರೆ" ಅಂದ. ಇವರು ಗೊಣಗಿದರು. ಅವನು ನಕ್ಕ, ನಾನು ಕೊಟ್ಟ ಮಜ್ಜಿಗೆ ಕುಡಿದ, ಕತ್ತಿ ಸಿಕ್ಕಿಸಿಕೊಂಡು ಮರ ಹತ್ತಿದ. ಅವನ ಮುಖದಲ್ಲಿ ಒಂದು ಗೆರೆ ಅಲುಗಾಡಲಿಲ್ಲ. ಹತ್ತುವವನಿಗೆ ಮರ ಎಷ್ಟು ಎತ್ತರ ಅಂತ ಗೊತ್ತು.

ನಮಗೆ ಯಾಕೆ ಬಾಯಿ ಬರುವುದಿಲ್ಲ? ನನಗೆ ಅನ್ನಿಸುವುದು ಇದು. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ದರ ಹೇಳಿ ಮಾರಿದವರೇ ಅಲ್ಲ. ಅಡಿಕೆ ಸೊಸೈಟಿಗೆ ಹೋಗುತ್ತದೆ. ಶಿರಸಿಯ ಟಿಎಸ್‌ಎಸ್, ಅಂದರೆ ತೋಟಗಾರರ ಸೊಸೈಟಿ, ಶುರುವಾದದ್ದು 1923ರಲ್ಲಿ. ಅಡಿಕೆಯನ್ನು ರಾಶಿ, ಚಾಲಿ, ಬೆಟ್ಟೆ ಅಂತ ಬಗೆ ನೋಡಿ ಬೇರೆ ಬೇರೆ ಸುರಿದು ಬರುತ್ತೇವೆ. ವ್ಯಾಪಾರಿಗಳು ಟೆಂಡರ್ ಹಾಕುತ್ತಾರೆ, ಬಂದ ದರಕ್ಕೆ ಹೂಂ ಅನ್ನುವುದೋ ಉಹೂಂ ಅನ್ನುವುದೋ, ನಮ್ಮ ಪಾಲಿಗೆ ಅಷ್ಟೇ. ಸೊಸೈಟಿ ನಮ್ಮನ್ನು ಮಧ್ಯವರ್ತಿಗಳಿಂದ ಉಳಿಸಿದ್ದು ನಿಜ. ಆದರೆ ಎದುರಿನವರ ಕಣ್ಣು ನೋಡಿ 'ಇದಕ್ಕೆ ಇಷ್ಟು' ಅನ್ನುವ ಅಭ್ಯಾಸ ಮಾತ್ರ ಮನೆಯೊಳಗೆ ಬರಲೇ ಇಲ್ಲ. ಅದರ ಮೇಲೆ ತೊಡೆದೇವು ಬೇರೆ. ಬಂದವರಿಗೆ "ಇನ್ನೊಂದು ಹಾಕ್ಕಳಿ" ಅಂತ ಒತ್ತಾಯ ಮಾಡಿ ಬಡಿಸಿದ ಪದಾರ್ಥ. ಅದೇ ಬಾಯಲ್ಲಿ ನೂರಾ ಹತ್ತು ಅಂದರೆ ನಾಲಿಗೆ ತೊದಲುತ್ತದೆ.

ಇನ್ನೊಂದು ವಿಷಯ ಬರೆದುಬಿಡುತ್ತೇನೆ, ನಾಚಿಕೆಯಾದರೂ ಸರಿ. ಮೂರು ವಾರದಿಂದ ವಾಟ್ಸಾಪ್ ಸ್ಟೇಟಸ್‌ನಲ್ಲಿ ತೊಡೆದೇವಿನ ಫೋಟೋ ಹಾಕುತ್ತಿದ್ದೇನೆ. ಯಾರೂ ಕೇಳುತ್ತಿಲ್ಲ ಅಂತ ಇವರ ಹತ್ತಿರ ದಿನಾ ಗೋಳು. ಕೇಳುವುದು ಹೇಗೆ? ನೆಂಟರು, ಊರವರು, ತವರಿನವರು ಅಂತ ನಲವತ್ತೊಂದು ಜನರಿಗೆ ಕಾಣದ ಹಾಗೆ ನಾನೇ ಸೆಟ್ಟಿಂಗ್ ಮಾಡಿಟ್ಟಿದ್ದೆ. ನೋಡುತ್ತಿದ್ದವರು ಗ್ಯಾಸ್ ಸಿಲಿಂಡರಿನವನು, ಮಗಳ ಸ್ಕೂಲ್ ವ್ಯಾನಿನ ಡ್ರೈವರು, ಮತ್ತೆ ಯಾರೋ ಒಬ್ಬ 'ಟೈಲ್ಸ್ ಸಿದ್ದಾಪುರ'. ಟೈಲ್ಸ್ ಸಿದ್ದಾಪುರ ಒಂದು ದಿನವೂ ತಪ್ಪಿಸಿಲ್ಲ, ಪುಣ್ಯಾತ್ಮ.

ಮಧ್ಯಾಹ್ನ ಊಟ ಆದ ಮೇಲೆ ಕೂತು ಆ ನಲವತ್ತೊಂದೂ ಟಿಕ್ ತೆಗೆದೆ. ಹೊಸ ಫೋಟೋ ಹಾಕಿದೆ, ಕೆಳಗೆ 'ಹತ್ತಕ್ಕೆ 110 ರೂ.' ಅಂತ ಬರೆದೆ. ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ತೋಟಕ್ಕೆ ಹೋದೆ. ಬಂದು ನೋಡಿದರೆ ಇಪ್ಪತ್ತಾರು ಜನ ನೋಡಿದ್ದರು. ಒಬ್ಬಳು ನಗುವ ಮುಖ ಕಳಿಸಿದ್ದಳು, ಅದು ಯಾವ ನಗೆಯೋ. ಕೆಳಕೇರಿ ಅತ್ತಿಗೆ, "ಇದೇ ಔಷಧಿಯನೇ?"

ಸಂಜೆ ದೀಪ ಹಚ್ಚುವ ಹೊತ್ತಿಗೆ ಯಲ್ಲಾಪುರದ ಚಿಕ್ಕಮ್ಮನ ಫೋನು. "ತಂಗೀ, ಸ್ಟೇಟಸ್ ನೋಡಿದಿ. ಮಾಣಿ ಬೆಂಗಳೂರಿಂದ ಬತ್ತ, ನಾಕು ಪ್ಯಾಕೆಟ್ ತೆಗ್ದಿಡು. ದುಡ್ಡು ಎಷ್ಟು?"

ದರ ನೋಡಿಯೇ ಫೋನ್ ಮಾಡಿದ್ದಾಳೆ, ಆದರೂ ಕೇಳುತ್ತಾಳೆ. 'ನಿಮ್ಮ ಹತ್ರ ಎಂತಾ ದುಡ್ಡು' ಅನ್ನುವುದು ಗಂಟಲ ತನಕ ಬಂತು. ಅತ್ತೆ ಒಲೆಯ ಹತ್ತಿರದಿಂದ ನನ್ನನ್ನೇ ನೋಡುತ್ತಿದ್ದರು.

"ಒಂದಕ್ಕೆ ನೂರಾ ಹತ್ತು, ಚಿಕ್ಕಮ್ಮ."

ಆ ಕಡೆ ಟಿವಿಯ ಸದ್ದು ಮಾತ್ರ ಕೇಳಿಸಿತು. ಆಮೇಲೆ, "ಹಾಂ. ಅಡ್ಡಿಲ್ಲೆ. ಹಂಗಾರೆ ಎರಡು ಸಾಕು."

ಫೋನಿಟ್ಟ ಮೇಲೆ ಕೈ ಸಣ್ಣಗೆ ನಡುಗುತ್ತಿತ್ತು. ಅತ್ತೆ ಏನೂ ಕೇಳಲಿಲ್ಲ. "ನಾಳೆಗೆ ಅಕ್ಕಿ ಎಷ್ಟು ನೆನೆಹಾಕವು?" ಅಂದರು.

ಎರಡು ಸೇರು ಹಾಕಿದ್ದೇವೆ. ಬೆಳಿಗ್ಗೆ ಆಲೆಮನೆಯಿಂದ ಕಬ್ಬಿನ ಹಾಲು ಬರುತ್ತದೆ. ಅಂಗಡಿಯಲ್ಲಿರುವ ಹನ್ನೆರಡು ಎಪ್ಪತ್ತಕ್ಕೇ ಹೋಗಲಿ. ಹೊಸ ಲೇಬಲ್ಲುಗಳ ಖಾಲಿ ಜಾಗದಲ್ಲಿ ಈಗಷ್ಟೇ, ಅಡುಗೆಮನೆಯಲ್ಲಿ ಕೂತು, 110 ಅಂತ ಬರೆದು ಮುಗಿಸಿದೆ. ಇಲ್ಲಿ ಯಾರೂ ನೋಡುತ್ತಿರಲಿಲ್ಲ, ಅದೂ ನಿಜವೇ.