ಮೋಟಾರ್ ಹೋಮ್ ಕೊಳ್ಳುವ ಮೊದಲು ಕಾಸರಗೋಡಿನಲ್ಲಿ ಮೂರು ದಿನ

ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದವರು. ಅಮ್ಮನಿಗೆ ಮಂಡಿನೋವು. ಬಸ್ಸು, ಲಾಡ್ಜು ಅಂತ ಅವರನ್ನು ಹತ್ತಿಸಿ ಇಳಿಸುವುದು ಕಷ್ಟವಾದ ಮೇಲೆ, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಮೋಟಾರ್ ಹೋಮ್ ಗಾಡಿ ಕೊಳ್ಳೋಣ ಎಂದು ಮನೆಯಲ್ಲಿ ಮಾತಾಯಿತು. ಅದನ್ನು ಕಟ್ಟುವ ಕಂಪನಿಯಿಂದ ಕೊಟೇಶನ್ ಬಂತು, ಮುಂಗಡ ಕೊಡುವುದೊಂದೇ ಬಾಕಿ. ಅಷ್ಟರಲ್ಲಿ ಹೆಂಡತಿ ಹೇಳಿದಳು, ಅದೇ ಕಂಪನಿಯವರು ಕಟ್ಟಿದ ಹಳೇ ಗಾಡಿಯೊಂದನ್ನು ಬಾಡಿಗೆಗೆ ತಂದು ಓಡಿಸಿ ನೋಡೋಣ, ಹೊಸದು ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ ಅಲ್ವಾ ಎಂದು. ಕೊಳ್ಳುವ ಯೋಚನೆ ಇದ್ದವರು ಮೊದಲು ಈ ಕೆಲಸ ಮಾಡಿ ಎನ್ನುತ್ತೇನೆ.

ಮಂಗಳೂರಿನಲ್ಲಿ ಎರಡು ವರ್ಷ ಓಡಿದ ಗಾಡಿ ಸಿಕ್ಕಿತು. ಸಮಯ ಅಕ್ಟೋಬರ್. ತುಲಾ ಮಳೆ ಮಧ್ಯಾಹ್ನದ ಮೇಲೆ ಗುಡುಗಿನ ಜೊತೆ ಸುರಿಯುವ ತಿಂಗಳು. ಬೇಕೆಂದೇ ಆ ತಿಂಗಳು ಆರಿಸಿದೆವು.

ಕೇರಳ ಗಡಿಯ ತಲಪಾಡಿ ದಾಟುವ ಮೊದಲು ಕಾಗದ ನೋಡಿಕೊಳ್ಳಿ. ನಾವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು. ಕೇರಳಕ್ಕೆ ಬರುವ ಪರ್ಮಿಟ್ ಮತ್ತು ತೆರಿಗೆ ರಸೀದಿಯನ್ನು ಮಾಲೀಕರಿಂದ ಕೇಳಿ ಪಡೆಯಿರಿ. ಆರ್‌ಸಿಯಲ್ಲಿ ಗಾಡಿಯ ಬಗೆ ಏನೆಂದು ಬರೆದಿದೆ ಎಂದೂ ಓದಿ. ಕೊಳ್ಳುವಾಗ ಇದು ಇನ್ನೂ ಮುಖ್ಯ. ಮೋಟಾರ್ ಕ್ಯಾರವಾನ್‌ಗೆ (ಕಾಗದದಲ್ಲಿ ಮೋಟಾರ್ ಹೋಮಿನ ಹೆಸರು) ನಮ್ಮಲ್ಲಿ ಎಐಎಸ್-124 ಎಂಬ ಮಾನದಂಡವಿದೆ. ಸುಮ್ನೆ ವ್ಯಾನಿನೊಳಗೆ ಮಂಚ, ಒಲೆ ಕೂರಿಸಿ ಆರ್‌ಸಿ ಬದಲಿಸದೆ ಮಾರಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡಿ ಅದು ತಪ್ಪು. ಅಂಥ ಗಾಡಿಗೆ ವಿಮೆ ಕೇಳುವಾಗಲೂ ಗೋಳು.

ಕುಂಬಳೆಯಲ್ಲಿ ಬದಿಯಡ್ಕ ರಸ್ತೆ ಹಿಡಿದು, ನಾಯ್ಕಾಪಿನಲ್ಲಿ ತಿರುಗಿ ಅನಂತಪುರ ಕೆರೆ ದೇವಸ್ಥಾನಕ್ಕೆ ಹೋದೆವು. ರಸ್ತೆ ಕಿರಿದು. ಎದುರು ಬಸ್ಸು ಬಂದಾಗ ಮುರಕಲ್ಲಿನ ಅಂಚಿಗೆ ಇಳಿಸಬೇಕಾಯಿತು. ಆಗ ಹಿಂದಿನಿಂದ ಕಪಾಟುಗಳು ಕಟಕಟ ಎಂದವು. ಹೈವೇಯಲ್ಲಿ ಕೇಳದ ಸದ್ದು ಇಲ್ಲಿ ಕೇಳುತ್ತದೆ. ರೇಡಿಯೋ, ಎಸಿ ಆರಿಸಿ, ಒಬ್ಬರು ಹಿಂದೆ ಕುಳಿತು ಸದ್ದು ಎಲ್ಲಿಂದ ಬರುತ್ತಿದೆ ಎಂದು ಗುರುತು ಮಾಡಿಕೊಳ್ಳಿ. ಬಾಗಿಲಿನ ಮೆಟ್ಟಿಲು ಅಮ್ಮನಿಗೆ ತುಂಬಾ ಎತ್ತರವಾಯಿತು. ಎರಡು ಇಟ್ಟಿಗೆ ಇಟ್ಟು ಇಳಿಸಿದೆವು. ಶೋರೂಮಿನಲ್ಲಿ ಆ ಕಡೆ ಯಾರ ಗಮನವೂ ಹೋಗಿರಲಿಲ್ಲ.

ಮೊದಲ ರಾತ್ರಿ ನಮ್ಮ ಅಂಗಳದಲ್ಲೇ ನಿಲ್ಲಿಸಿ ಒಳಗೆ ಮಲಗಿದೆವು. ಸಂಜೆ ಐದಕ್ಕೆ ಹಿಡಿದ ಮಳೆ ಏಳರ ತನಕ ಬಿಡಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ನನ್ನ ದಿಂಬಿನ ಮೂಲೆ ಒದ್ದೆ. ಟಾರ್ಚ್ ಹಾಕಿ ನೋಡಿದರೆ ಮೇಲೆ ಎಸಿ ಕೂರಿಸಿದ ಚೌಕದ ಅಂಚಿನಿಂದ ನೀರು ಗೆರೆಯಾಗಿ ಇಳಿಯುತ್ತಿತ್ತು. ಹಾಸಿಗೆ ಎತ್ತಿದೆವು. ಅಡಿಯ ಪ್ಲೈವುಡ್ ಕಪ್ಪಾಗಿತ್ತು, ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಯಿತು. ಅದು ಒಂದು ದಿನದ ಒದ್ದೆಯಲ್ಲ, ಎರಡು ಮಳೆಗಾಲದ್ದು.

ಮೋಟಾರ್ ಹೋಮ್ ಕೆಡುವುದು ಹೆಚ್ಚಾಗಿ ಹೀಗೆಯೇ. ಗಾಡಿಯ ಮಾಡಿನಲ್ಲಿ, ಅಂದರೆ ಚಾವಣಿಯಲ್ಲಿ, ಎಸಿಗೆ, ಗಾಳಿಕಿಂಡಿಗೆ, ಸೋಲಾರ್ ತಂತಿಗೆ ತೂತು ಕೊರೆದಿರುತ್ತಾರೆ. ನೀರು ಇಳಿಯದಂತೆ ಸುತ್ತ ಹಾಕಿದ ಸೀಲೆಂಟ್ ಅಂಟು ಬಿಸಿಲಿಗೆ ಗಡಸಾಗಿ, ಗಾಡಿ ಕುಲುಕಿದಾಗ ಬಿರುಕು ಬಿಡುತ್ತದೆ. ನೀರು ಒಳಗೊಳಗೇ ಹರಿದು ಬೇರೆಲ್ಲೋ ಕಾಣಿಸಿಕೊಳ್ಳುತ್ತದೆ. ಮಳೆ ಇಲ್ಲದ ದಿನ ನೋಡಲು ಹೋದರೆ ಪೈಪಿನಿಂದ ಅರ್ಧ ಗಂಟೆ ಮಾಡಿನ ಮೇಲೆ ನೀರು ಬಿಡಲು ಹೇಳಿ. ಮುಚ್ಚಿದ ಕಪಾಟು ತೆರೆದ ಕೂಡಲೇ ಮೂಸಿ ನೋಡಿ. ಮೂಲೆಗಳನ್ನು, ಬಚ್ಚಲಿನ ಸುತ್ತಲಿನ ನೆಲವನ್ನು ಒತ್ತಿ ನೋಡಿ. ಪ್ಲೈವುಡ್ಡಿನ ಮೇಲೆ ಐಎಸ್ 710 ಎಂಬ ಗುರುತು ಇದೆಯೇ ಎಂದು ಕೇಳಿ. ಅದು ಮೆರೈನ್ ಪ್ಲೈವುಡ್ಡಿನ ಗುರುತು. ನಮ್ಮ ಕರಾವಳಿಯ ಮಳೆಗೆ ಅದಕ್ಕಿಂತ ಕಡಿಮೆಯದು ಬೇಡವೇ ಬೇಡ.

ಎರಡನೇ ದಿನ ಚೆರ್ಕಳ, ಚಂದ್ರಗಿರಿ ಸೇತುವೆ ದಾಟಿ ಬೇಕಲ ಕೋಟೆ. ಕೆಳದಿಯ ಶಿವಪ್ಪ ನಾಯಕನ ಕಾಲದ ಈ ಕೋಟೆಯಲ್ಲಿ ಸಂಜೆ ಕಳೆದು, ಹತ್ತಿರದ ಹೋಂಸ್ಟೇ ಒಂದರ ಅಂಗಳದಲ್ಲಿ ಹೇಳಿ ಕೇಳಿ ನಿಲ್ಲಿಸಿದೆವು. ಕರೆಂಟಿನ ಪ್ಲಗ್ ಹಾಕದೆ ರಾತ್ರಿ ಕಳೆಯಬೇಕೆಂದು ನಮ್ಮ ಹಟ. ಎಸಿ ಒಂದು ಗಂಟೆ ನಡೆದು ನಿಂತಿತು. ಲೆಕ್ಕ ಹಾಕಿದರೆ ಅದು ಸರಿಯೇ. 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 2.4 ಯುನಿಟ್. ಲೆಡ್ ಆಸಿಡ್ ಬ್ಯಾಟರಿ ಹಾಳಾಗದ ಹಾಗೆ ಬಳಸಬೇಕಾದರೆ ಅದರಲ್ಲಿ ಅರ್ಧ ಮಾತ್ರ ಸಿಗುತ್ತದೆ. ಒಂದು ಟನ್ ಎಸಿ ಗಂಟೆಗೆ ಸುಮಾರು ಒಂದು ಯುನಿಟ್ ತಿನ್ನುತ್ತದೆ. ‘ರಾತ್ರಿಯಿಡೀ ಎಸಿ’ ಎಂದವರಿಗೆ ಈ ಲೆಕ್ಕ ಬರೆದು ತೋರಿಸಲು ಹೇಳಿ. ಲಿಥಿಯಂ ಆದರೆ ಜಾಸ್ತಿ ಸಿಗುತ್ತದೆ, ಬೆಲೆಯೂ ಜಾಸ್ತಿ.

ಬೆಳಿಗ್ಗೆ ಕಾಞಂಗಾಡಿನ ವೇ ಬ್ರಿಡ್ಜಿನಲ್ಲಿ ತೂಕ ಮಾಡಿಸಿದೆವು. ಐದು ಜನ, ತುಂಬಿದ ನೀರಿನ ಟ್ಯಾಂಕು, ಗ್ಯಾಸು, ಅಕ್ಕಿ ಸಾಮಾನು ಎಲ್ಲ ಸೇರಿ. ಆರ್‌ಸಿಯಲ್ಲಿ ಒಪ್ಪಿದ ತೂಕಕ್ಕೆ 60 ಕಿಲೋ ಮಾತ್ರ ಉಳಿದಿತ್ತು. 100 ಲೀಟರ್ ನೀರು ಎಂದರೆ 100 ಕಿಲೋ. ದೊಡ್ಡ ಟ್ಯಾಂಕು ಎಂದು ಹಿಗ್ಗುವ ಮೊದಲು ಇದನ್ನು ನೆನೆಯಿರಿ. ಟಯರಿನ ಬದಿಯ ನಾಲ್ಕು ಅಂಕಿಯನ್ನೂ ಓದಿ. 2319 ಎಂದಿದ್ದರೆ 2019ರ 23ನೇ ವಾರದ ಟಯರು.

ಬೆಟ್ಟದ ಮೇಲಿನ ರಾಣಿಪುರಂಗೆ ಕಾಞಂಗಾಡಿನಿಂದ ಸುಮಾರು 48 ಕಿಲೋಮೀಟರ್. ಪನತ್ತಡಿಯಿಂದ ಮೇಲೆ ಕಡಿದಾದ ಏರು, ತಿರುವು. ಎಂಜಿನ್ ಏನೂ ತೊಂದರೆ ಕೊಡಲಿಲ್ಲ. ಆದರೆ ಎರಡನೇ ತಿರುವಿನಲ್ಲೇ ಕಪಾಟಿನ ಚಿಲಕ ಬಿಟ್ಟು ಪಾತ್ರೆಗಳು ಉರುಳಿದವು. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಸಿ, ಬರೀ ಬ್ರೇಕನ್ನು ನಂಬಬೇಡಿ.

ಅಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಮೋಟಾರ್ ಹೋಮಿಗೆ ಬ್ರ್ಯಾಂಡ್ ಒಂದಲ್ಲ, ಎರಡು. ಕೆಳಗಿನ ಗಾಡಿ ಒಬ್ಬರದು. ಫೋರ್ಸ್ ಟ್ರಾವೆಲರ್, ಟಾಟಾ ವಿಂಗರ್, ಇಸುಜು ಡಿ-ಮ್ಯಾಕ್ಸ್, ಭಾರತ್‌ಬೆಂಜ್ ಹೀಗೆ. ಅದರ ಮೇಲೆ ಮನೆ ಕಟ್ಟುವವರು ಇನ್ನೊಬ್ಬರು. ನಾವು ಕೆಳಗಿನ ಹೆಸರನ್ನು ನೋಡಿ ಇಡೀ ಗಾಡಿಯನ್ನು ನಂಬಿಬಿಟ್ಟಿದ್ದೆವು. ಎರಡಕ್ಕೂ ವಾರಂಟಿ ಬೇರೆ ಬೇರೆ. ಎಂಜಿನ್ ಕೆಟ್ಟರೆ ಮಂಗಳೂರಿನಲ್ಲಿ ಸರ್ವಿಸ್ ಸಿಗಬಹುದು. ಮಾಡು ಸೋರಿದರೆ ಕಟ್ಟಿದವರ ವರ್ಕ್‌ಶಾಪಿಗೇ ಒಯ್ಯಬೇಕೇ, ಅಲ್ಲಿ ತನಕದ ಡೀಸೆಲ್ ಯಾರದು ಎಂಬುದು ಕಾಗದದಲ್ಲಿ ಇರಲಿ. ಕಟ್ಟಿದವರಿಂದ ಮೂರು ವರ್ಷ ಗಾಡಿ ಇಟ್ಟುಕೊಂಡವರ ನಂಬರ್ ಕೇಳಿ, ಫೋನ್ ಮಾಡಿ ಒಂದೇ ಪ್ರಶ್ನೆ ಹಾಕಿ: ಮಳೆಗಾಲದಲ್ಲಿ ಹೇಗಿತ್ತು? ನಾವು ಕೇಳಿದಾಗ ನಂಬರ್ ಕೊಡಲಿಲ್ಲ. ಮುಂಗಡವನ್ನು ನಾವೂ ಕೊಡಲಿಲ್ಲ.

ಜೂನ್‌ನಲ್ಲಿ ಬೇರೆಯವರು ಕಟ್ಟಿದ ಗಾಡಿಯೊಂದನ್ನು ಇದೇ ದಾರಿಗೆ ಬಾಡಿಗೆಗೆ ಹೇಳಿದ್ದೇವೆ. ಮೆಟ್ಟಿಲಿನ ಎತ್ತರ ಅಳೆಯಲು ಅಮ್ಮ ಈಗಲೇ ಟೇಪ್ ತೆಗೆದಿಟ್ಟಿದ್ದಾರೆ.