ಮೂರನೇ ಗೇರಿನಲ್ಲಿ ಒಂದು ಘಾಟಿ

ಬೆಳಗಿನ ಐದೂವರೆಗೆ ಹೊರಟೆ. ಊರು ನೋಡಲಿಕ್ಕಲ್ಲ, ಯಾರನ್ನೂ ಕಾಣಲಿಕ್ಕಲ್ಲ, ಎಂಜಿನ್ನಿಗಾಗಿ. ಎರಡು ದಿನದಿಂದ ಡ್ಯಾಶ್‌ಬೋರ್ಡಿನಲ್ಲಿ ಕಿತ್ತಳೆ ಬಣ್ಣದ ದೀಪವೊಂದು ಹತ್ತಿಕೊಂಡಿತ್ತು: ಡಬ್ಬಿಯೊಂದರ ಚಿತ್ರ, ಅದರೊಳಗೆ ಚುಕ್ಕಿಗಳು. ಹೊಗೆಕೊಳವೆಯಲ್ಲಿ ಮಸಿ ಹಿಡಿದಿಡುವ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್, ಅಂದರೆ ಡಿಪಿಎಫ್, ತುಂಬುತ್ತಿದೆ ಎಂಬ ಸೂಚನೆ ಅದು. ತಪ್ಪು ನನ್ನದೇ. ನಾಲ್ಕು ತಿಂಗಳಿಂದ ಈ ಕಾರು ದಿನಕ್ಕೆ ನಾಲ್ಕು ಕಿಲೋಮೀಟರ್ ಹೋಗಿ ನಾಲ್ಕು ಕಿಲೋಮೀಟರ್ ವಾಪಸ್ ಬಂದದ್ದು ಬಿಟ್ಟರೆ ಬೇರೆ ಓಟವನ್ನೇ ಕಂಡಿರಲಿಲ್ಲ. ಎಂಜಿನ್ ಬಿಸಿಯೇರುವ ಹೊತ್ತಿಗೆ ನಾನು ಕೀಲಿ ತಿರುಗಿಸಿ ಇಳಿದಿರುತ್ತಿದ್ದೆ. ಡೀಸೆಲ್ ಎಂಜಿನ್ನಿಗೆ ಇದಕ್ಕಿಂತ ಕೆಟ್ಟ ದಿನಚರಿ ಇಲ್ಲ.

ಹೊರಡುವ ಮುಂಚೆ ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿದೆ. ಫಿಲ್ಟರಿನ ಮಸಿ ಸುಡಲೆಂದು ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ಆ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ ಸುಡದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ, ಮಟ್ಟ ಏರುತ್ತದೆ. ಕಡ್ಡಿಯ ಮೇಲಿನ ಗೆರೆ ದಾಟಿದ್ದರೆ ಪ್ರಯಾಣ ರದ್ದು ಮಾಡಿ ಆಯಿಲ್ ಬದಲಿಸಬೇಕಾಗುತ್ತಿತ್ತು. ಗೆರೆಯೊಳಗೇ ಇತ್ತು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ, ಎಂಜಿನ್ನಿನ ಅಂಕಿಗಳನ್ನು ಫೋನಿಗೆ ಕಳಿಸುವ ಒಬಿಡಿ ಅಡಾಪ್ಟರ್ ಸಿಕ್ಕಿಸಿ, ಫೋನನ್ನು ಕಣ್ಣಿಗೆ ಬೀಳುವಂತೆ ನಿಲ್ಲಿಸಿದೆ. ಮಸಿಯ ಪ್ರಮಾಣ ಶೇಕಡಾ 82.

ಮೊದಲ ಇಪ್ಪತ್ತು ನಿಮಿಷ ಮೆಲ್ಲಗೆ ಓಡಿಸಿದೆ. ಎಂಜಿನ್ ತಣಿಸುವ ಕೂಲಂಟ್ ದ್ರವ 90 ಡಿಗ್ರಿ ಮುಟ್ಟಿದರೂ ಆಯಿಲ್ ಇನ್ನೂ ಹಿಂದೆಯೇ ಇರುತ್ತದೆ, ಅದಕ್ಕೆ ಇನ್ನಷ್ಟು ದೂರ ಬೇಕು. ತಣ್ಣಗಿರುವ ಎಂಜಿನ್ನನ್ನು ಒತ್ತಿದರೆ ಮಸಿ ಕಮ್ಮಿಯಾಗುವ ಬದಲು ಜಾಸ್ತಿಯಾಗುತ್ತದೆ, ಜೊತೆಗೆ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊದ ಬೇರಿಂಗಿಗೂ ಪೆಟ್ಟು. ಆ ಹೊತ್ತಿನಲ್ಲಿ ಫಿಲ್ಟರಿನ ಮುಂದಿನ ಉಷ್ಣಾಂಶ 190ರ ಆಸುಪಾಸಿನಲ್ಲೇ ತೂಗಾಡುತ್ತಿತ್ತು. ನಾಲ್ಕು ತಿಂಗಳೂ ಅದು ಅಷ್ಟರಲ್ಲೇ ಇದ್ದಿರಬೇಕು ಅನ್ನಿಸಿ ಸಂಕಟವಾಯಿತು.

ಸಿಲಿಂಡರಿನೊಳಗೆ ಡೀಸೆಲ್ ಹನಿಹನಿಯಾಗಿ ಬಂದು ಬೀಳುತ್ತದೆ. ಎಲ್ಲ ಹನಿಗೂ ಬೇಕಾದಷ್ಟು ಗಾಳಿ ಸಿಗುವುದಿಲ್ಲ. ಗಾಳಿ ಸಾಲದ ಜಾಗದಲ್ಲಿ ಇಂಗಾಲ ಪೂರ್ತಿ ಸುಡದೆ ಮಸಿಯಾಗಿ ಉಳಿಯುತ್ತದೆ. ಹಿಂದೆಲ್ಲ ಅದು ಕಪ್ಪು ಹೊಗೆಯಾಗಿ ಹಿಂದಿನವರ ಮುಖಕ್ಕೆ ಹೋಗುತ್ತಿತ್ತು. 2000ರಲ್ಲಿ ಪ್ಯೂಜೊ 607 ಕಾರಿನಲ್ಲಿ ಈ ಫಿಲ್ಟರ್ ಬಂದ ಮೇಲೆ, ಕ್ರಮೇಣ ಎಲ್ಲ ಕಂಪನಿಗಳ ಡೀಸೆಲ್ ಕಾರುಗಳಿಗೂ ಹಬ್ಬಿತು. ಒಳಗೆ ಜೇನುಹುಟ್ಟಿನಂಥ ಸೆರಾಮಿಕ್ ದಿಂಡು. ಒಂದು ಕಿಂಡಿ ಮುಂದೆ ತೆರೆದು ಹಿಂದೆ ಮುಚ್ಚಿದ್ದರೆ, ಪಕ್ಕದ್ದು ಮುಂದೆ ಮುಚ್ಚಿ ಹಿಂದೆ ತೆರೆದಿರುತ್ತದೆ. ಅನಿಲ ನಡುವಿನ ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ನುಸುಳಿ ಆಚೆ ಹೋಗುತ್ತದೆ, ಮಸಿ ಗೋಡೆಯಲ್ಲೇ ಉಳಿಯುತ್ತದೆ. ಆ ಮಸಿ ಆಮ್ಲಜನಕದಲ್ಲಿ ಚೆನ್ನಾಗಿ ಸುಡಬೇಕಾದರೆ ಸುಮಾರು 600 ಡಿಗ್ರಿ ಬೇಕು. ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ನೆರವಾದರೆ 300ರ ಆಚೀಚೆಯಲ್ಲೂ ಸುಡುತ್ತದೆ, ಆದರೆ ನಿಧಾನವಾಗಿ. 190 ಡಿಗ್ರಿಯಲ್ಲಿ ಎರಡೂ ಆಗುವುದಿಲ್ಲ.

ಹೆದ್ದಾರಿ ಸೇರಿದ ಮೇಲೆ ಆರನೇ ಗೇರಿನ ಆಸೆ ಬಿಟ್ಟು ನಾಲ್ಕರಲ್ಲೇ ಇದ್ದೆ. ವೇಗ ಮಿತಿಯೊಳಗೇ, ಆದರೆ ಎಂಜಿನ್ ನಿಮಿಷಕ್ಕೆ 2,500 ಸುತ್ತಿನಲ್ಲಿ. ಮೈ ತುಂಬಿಕೊಂಡು ದುಡಿಯುವ ಸದ್ದು. ಹತ್ತು ನಿಮಿಷದಲ್ಲಿ ಉಷ್ಣಾಂಶ 340ಕ್ಕೆ ಬಂತು. ಆಮೇಲೆ ಒಮ್ಮೆಲೇ 420, 510, 590. ಪೆಡಲ್ ಮೇಲಿನ ಕಾಲು ನಾನು ಅಲುಗಿಸಿರಲಿಲ್ಲ. ಎಂಜಿನ್ನಿನ ಕಂಪ್ಯೂಟರ್ ತಾನೇ ಸುಡುವ ಕೆಲಸ ಶುರುಮಾಡಿತ್ತು. ಅಡಾಪ್ಟರ್ ಇಲ್ಲದಿದ್ದರೂ ಇದು ಗೊತ್ತಾಗುತ್ತದೆ: ಸದ್ದು ತುಸು ಗೊಗ್ಗರಾಗುತ್ತದೆ, ಮೈಲೇಜ್ ಕುಸಿಯುತ್ತದೆ, ನಿಂತಾಗ ಐಡ್ಲಿಂಗ್, ಅಂದರೆ ಪೆಡಲ್ ಒತ್ತದೆ ಎಂಜಿನ್ ತಿರುಗುವ ವೇಗ, ಏರಿರುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ. ಹೀಗೆ ಸುಡಲು ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷ ಸಾಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಸರಿಯಾಗಿ ಆ ಹೊತ್ತಿಗೇ ಗಾಡಿ ಆಫ್ ಮಾಡುತ್ತಾರೆ. ನಾನೂ ನಾಲ್ಕು ತಿಂಗಳು ಅದನ್ನೇ ಮಾಡಿದ್ದೆ.

ಶೇಕಡಾ 82 ಇದ್ದದ್ದು 70, 61, 54. ಅಷ್ಟರಲ್ಲಿ ರಸ್ತೆ ಕಾಮಗಾರಿ ಎದುರಾಯಿತು. ಒಂದೇ ಪಥ ತೆರೆದಿತ್ತು, ಮುಂದೆ ಲಾರಿಗಳ ಸಾಲು. ಇಪ್ಪತ್ತು ನಿಮಿಷ ಅಲ್ಲೇ ನಿಂತೆವು. ಉಷ್ಣಾಂಶ ಮೆಟ್ಟಿಲಿಳಿದಂತೆ ಇಳಿಯಿತು, 230ಕ್ಕೆ ಬಂದಾಗ ಕಂಪ್ಯೂಟರ್ ಕೈಬಿಟ್ಟಿತು. ಮಸಿ 51ರಲ್ಲಿ ನಿಂತಿತು. ಎಂಜಿನ್ ಆಫ್ ಮಾಡದೆ ಕಾದೆ.

ಬರೀ ಐಡ್ಲಿಂಗಿನಲ್ಲಿ ಓಡುವ ಡೀಸೆಲ್ ಎಂಜಿನ್ ಹೇಗೆ ಕೆಡುತ್ತದೆ ಎಂಬುದನ್ನು ಜನರೇಟರ್ ನೋಡಿಕೊಳ್ಳುವವರನ್ನು ಕೇಳಬೇಕು. ಹೊರೆ ಇಲ್ಲದೆ ಗಂಟೆಗಟ್ಟಲೆ ಓಡಿದ ಜನರೇಟರಿನ ಹೊಗೆಕೊಳವೆಯಿಂದ ಕಪ್ಪು ಜಿಡ್ಡು ತೊಟ್ಟಿಕ್ಕಲು ಶುರುವಾಗುತ್ತದೆ, ಅದನ್ನು ವೆಟ್ ಸ್ಟ್ಯಾಕಿಂಗ್ ಅನ್ನುತ್ತಾರೆ. ಅದಕ್ಕೆ ಅವರ ಮದ್ದು, ಕೃತಕ ಹೊರೆ ಜೋಡಿಸಿ ಕೆಲವು ಗಂಟೆ ದುಡಿಸುವುದು. ನಿಧಾನ ಸಾಗುವ ಹಡಗುಗಳಲ್ಲೂ ಆಗಾಗ ಎಂಜಿನ್ನಿನ ಹೊರೆ ಏರಿಸಿ ಮಸಿ ಸುಡಿಸುವ ರೂಢಿ ಇದೆ. ಕಾರಿನವರು ಇದನ್ನೇ ಇಟಾಲಿಯನ್ ಟ್ಯೂನ್ ಅಪ್ ಎನ್ನುತ್ತಾರೆ. ಆ ಹೆಸರು ಕೇಳಿದವರು ಸುತ್ತು ತೋರಿಸುವ ಮೀಟರಿನ ಕೆಂಪು ಗೆರೆಯವರೆಗೆ ಎಂಜಿನ್ ಕಿರುಚಿಸುವುದೇ ಮದ್ದೆಂದು ತಿಳಿಯುತ್ತಾರೆ. ನಿಂತಲ್ಲೇ ರೇಸ್ ಕೊಟ್ಟರೆ ಸದ್ದು ಬರುತ್ತದೆ, ಹೊರೆ ಬೀಳುವುದಿಲ್ಲ. ಹೊರೆ ಇಲ್ಲದಿದ್ದರೆ ಸಿಲಿಂಡರಿನಲ್ಲಿ ಸುಡುವ ಡೀಸೆಲ್ ಕಮ್ಮಿ, ಹೊಗೆಯ ಬಿಸಿಯೂ ಕಮ್ಮಿ. ಅದಕ್ಕೇ ನನಗೆ ಘಾಟಿ ಬೇಕಿತ್ತು.

ಕಾಮಗಾರಿ ದಾಟಿ ಏಳೆಂಟು ಕಿಲೋಮೀಟರಿಗೆ ಏರು ಶುರುವಾಯಿತು. ಮೂರನೇ ಗೇರು, 2,600 ಸುತ್ತು, ಗಂಟೆಗೆ ಐವತ್ತರ ಆಸುಪಾಸು. ಬಲಕ್ಕೆ ಬಂಡೆ, ಎಡಕ್ಕೆ ಕಣಿವೆ ತುಂಬ ಮಂಜು. ಪ್ರತಿ ತಿರುವು ಬಿಟ್ಟು ಮೇಲೇಳುವಾಗ ಟರ್ಬೊ ಸಿಳ್ಳೆ ಹಾಕುತ್ತಿತ್ತು. ಮೊದಲ ಎರಡು ತಿರುವಿನಲ್ಲಿ ಆ ಸಿಳ್ಳೆ ತಡವಾಗಿ ಬಂತು, ಕಾರು ಒಂದು ಕ್ಷಣ ಹಿಡಿದಂತಾಗಿ ಆಮೇಲೆ ಎಳೆಯುತ್ತಿತ್ತು. ಟರ್ಬೊದೊಳಗೆ ಹೊಗೆಯ ದಿಕ್ಕು ಬದಲಿಸುವ ಸಣ್ಣ ರೆಕ್ಕೆಗಳಿರುತ್ತವೆ. ಒಂದೇ ಕೋನದಲ್ಲಿ ಬಹಳ ಕಾಲ ಇದ್ದರೆ ಮಸಿ ಕಟ್ಟಿಕೊಂಡು ಬಿಗಿಯಾಗುತ್ತವೆ. ಏರಿನಲ್ಲಿ ಪೆಡಲ್ ಒತ್ತಿ, ತಿರುವಿನಲ್ಲಿ ಬಿಟ್ಟು, ಮತ್ತೆ ಒತ್ತಿದಾಗೆಲ್ಲ ಅವು ಪೂರ್ತಿ ತೆರೆದು ಪೂರ್ತಿ ಮುಚ್ಚಿ ಓಡಾಡಬೇಕಾಗುತ್ತದೆ. ಒಂಬತ್ತನೆಯದೋ ಹತ್ತನೆಯದೋ ತಿರುವಿನ ನಂತರ ಸಿಳ್ಳೆ ಕಾಲಿಟ್ಟ ಕೂಡಲೇ ಬಂತು. ಇದನ್ನು ಅಳೆಯುವ ಮೀಟರ್ ನನ್ನಲ್ಲಿಲ್ಲ, ಆದರೆ ಪಾದಕ್ಕೆ ತಿಳಿಯಿತು.

ಉಷ್ಣಾಂಶ ಹೊರೆಯಿಂದಲೇ 450 ದಾಟಿತು, ಕಂಪ್ಯೂಟರ್ ಬಿಟ್ಟ ಕೆಲಸ ಮತ್ತೆ ಹಿಡಿಯಿತು. 610. ಮಸಿ 43, 35, 26. ಮುಂದೆ ಸಿಕ್ಕ ಲಾರಿಯನ್ನು ಹಿಂದಿಕ್ಕಲು ಜಾಗವಿರಲಿಲ್ಲ, ನಾನೂ ಅವಸರಪಡಲಿಲ್ಲ. ಎರಡನೇ ಗೇರಿಗಿಳಿಸಿ ಅದರ ಹಿಂದೆಯೇ ಏರಿದೆ, ಬಿಸಿ ಇಳಿಯಲಿಲ್ಲ. ಘಾಟಿಯ ನೆತ್ತಿಗೆ ಬರುವಾಗ 9. ಅಲ್ಲಿ ಅಂಕಿ ನಿಂತಿತು, ಕಿತ್ತಳೆ ದೀಪ ಆರಿತು. ನನಗಾದ ಖುಷಿ ಹೇಳತೀರದು.

ನೆತ್ತಿಯ ಮೇಲೆ ಒಣಹುಲ್ಲಿನ ಬಯಲು ಬಿಟ್ಟು ಬರೀ ಕಲ್ಲಿನ ಜಾಗ ಹುಡುಕಿ ನಿಲ್ಲಿಸಿದೆ. ಆ ಬಿಸಿಗೆ ಹುಲ್ಲು ಹೊತ್ತಿಕೊಂಡೀತು. ಟರ್ಬೊ ತಣಿಯಲೆಂದು ಎರಡು ನಿಮಿಷ ಎಂಜಿನ್ ಓಡಲು ಬಿಟ್ಟು ಇಳಿದೆ. ಕಾರಿನಡಿಯಿಂದ ಬಿಸಿಗಾಳಿ ನಡುಗುತ್ತ ಮೇಲೇಳುತ್ತಿತ್ತು, ಕಾದ ಲೋಹದ ವಾಸನೆ. ಎಂಜಿನ್ ಆಫ್ ಮಾಡಿದ ಮೇಲೆ ಕಾಯ್ದ ತಗಡು ಟಿಕ್ ಟಿಕ್ ಎನ್ನುತ್ತ ತಣಿಯುವುದನ್ನು ಕೇಳುತ್ತ ಬಹಳ ಹೊತ್ತು ಕೂತೆ. ಮಂಜು ಕರಗಿ ಕಣಿವೆಯ ತಳ ಕಾಣಿಸಿತು.

ಇಳಿಯುವಾಗ ಪೆಡಲ್ ಬಿಟ್ಟೇ ಬಂದೆ. ಡೀಸೆಲ್ ಹೋಗುವುದೇ ನಿಲ್ಲುವುದರಿಂದ ಉಷ್ಣಾಂಶ 200ಕ್ಕೆ ಕುಸಿಯಿತು. ಅದೇ ರಸ್ತೆ ಇಳಿಜಾರಿನಲ್ಲಿ ಮಸಿಯ ವಿಷಯಕ್ಕೆ ಏನೂ ಉಪಯೋಗಕ್ಕೆ ಬರುವುದಿಲ್ಲ.

ಮನೆಗೆ ಬಂದು, ಎಂಜಿನ್ ಪೂರ್ತಿ ತಣಿದ ಮೇಲೆ ಗಾಳಿ ಒಳಹೋಗುವ ಇಂಟೇಕ್ ಪೈಪ್ ಬಿಚ್ಚಿದೆ. ಇಜಿಆರ್ ವಾಲ್ವ್ ಹೊಗೆಯ ಒಂದು ಪಾಲನ್ನು ಮತ್ತೆ ಒಳಗೆ ಕಳಿಸುವುದು ಅಲ್ಲಿಗೇ. ಆ ಹೊಗೆಯ ಮಸಿಯೂ ಎಂಜಿನ್ನಿನ ಆಯಿಲ್ ಆವಿಯೂ ಕೂಡಿ ಒಳಗೋಡೆಗೆ ಟಾರಿನಂತೆ ಕಟ್ಟಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಬೆರಳ ದಪ್ಪ, ಮೆತ್ತಗೆ, ಹೊಳೆಯುವ ಕಪ್ಪು. ಇಡೀ ಘಾಟಿ ಏರಿದರೂ ಇದು ಅಲುಗಿಲ್ಲ. ಇಂಟೇಕಿನ ಗಾಳಿ ಎಂದೂ 600 ಡಿಗ್ರಿಗೆ ಹೋಗುವುದಿಲ್ಲ, ಡೀಸೆಲ್ ನೇರ ಸಿಲಿಂಡರಿಗೇ ಬೀಳುವುದರಿಂದ ಈ ಗೋಡೆ ತೊಳೆಯುವುದೂ ಇಲ್ಲ. ಫಿಲ್ಟರಿನಲ್ಲಿ ಉಳಿದ ಆ 9ನ್ನು ಇಳಿಸಲು ಹೋಗುವುದಿಲ್ಲ, ಫಿಲ್ಟರ್ ಪೂರ್ತಿ ಸೊನ್ನೆಗೆ ಬರಬೇಕೆಂದೇನಿಲ್ಲ. ಆಯಿಲ್ಲಿನ ಲೋಹಾಂಶದಿಂದ ಬರುವ ಬೂದಿ ಎಷ್ಟು ಸುಟ್ಟರೂ ಅದರೊಳಗೇ ಉಳಿಯುತ್ತದೆ. ಪೈಪನ್ನು ಕ್ಲೀನರಿನಲ್ಲಿ ನೆನೆಸಿಟ್ಟು, ಹಳೆಯ ಬ್ರಷ್ ಹಿಡಿದು ಕೂತೆ.